ದೊಡ್ಡಮ್ಮ ಕೆಡವದೆ ಬಿಟ್ಟ ಮರಳುಗೋಡೆ

ನನ್ನ ಅಕ್ಷರ ಕೋಳಿಕಾಲು. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು, ಮಾತು ಜೋಡಿಸುವುದೂ ಸರಿಯಾಗಿ ಬರುವುದಿಲ್ಲ. ತಪ್ಪಿದ್ದರೆ ಮನ್ನಿಸಿ. ದೊಡ್ಡಮ್ಮನ ವಿಷಯವಾದ್ದರಿಂದ ನಿಧಾನವಾಗಿ, ನೋಡಿ ನೋಡಿ ಬರೆಯುತ್ತಿದ್ದೇನೆ.

ದೊಡ್ಡಪ್ಪನ ಬೆನ್ನು ಕೆಟ್ಟ ಮೇಲೆ ಅವರ ಸೀಟಿಗೆ ತಾನೇ ಹತ್ತಿ ಕೂತವಳು ದೊಡ್ಡಮ್ಮ. ಮರಳುಗುಂಡಿಯಲ್ಲಿ ಅಗೆಯುವ ಯಂತ್ರ ಓಡಿಸುವವಳು ಅವಳೊಬ್ಬಳೇ. ಸಂಜೆ ಹೊರಡುವ ಮುಂಚೆ, ಆ ದಿನ ಅಗೆದ ಕಡಿದಾದ ಗೋಡೆಯನ್ನು ಕೆಡವಿ ಇಳಿಜಾರು ಮಾಡುವುದು ಅಲ್ಲಿಯ ಪದ್ಧತಿ. ಇಲ್ಲದಿದ್ದರೆ ಯಾರ ಮೇಲಾದರೂ ಕುಸಿಯಬಹುದು. ಒಂದು ಮಧ್ಯಾಹ್ನ ಜ್ವರ ಬಂದು, ಗೋಡೆ ಹಾಗೇ ಬಿಟ್ಟು ಮನೆಗೆ ಬಂದಳು. ಎರಡು ವಾರ ಮಲಗಿ ಎದ್ದು ಹೋದರೆ ಗೋಡೆ ತುಂಬ ತೂತು. ಕಳ್ಳಿಪೀರ ಹಕ್ಕಿಗಳು ಬಿಲ ಕೊರೆದಿದ್ದವು. ಪಕ್ಕದ ಹಳೆಯ ಗುಂಡಿಯಲ್ಲಿ ನೀರು ನಿಂತು ಜೊಂಡು ಬೆಳೆದಿದೆ. ಅದರ ಮೇಲೆ ಹಾರುವ ಏರೋಪ್ಲೇನ್ ಚಿಟ್ಟೆಗಳೇ ಅವಕ್ಕೆ ಊಟ.

"ಕೆಡವಮ್ಮ. ಹಕ್ಕಿಗೆ ಬೇರೆ ಜಾಗ ಇಲ್ವಾ?" ಎಂದ ಮೇಸ್ತ್ರಿ.

"ಇದೆಯಲ್ಲ, ನಿಮ್ಮ ಹೆಲ್ಮೆಟ್ಟು. ಒಳಗೆ ಹೇಗೂ ಖಾಲಿ."

ಲಾರಿಯವರು ನಕ್ಕರು. ಮೇಸ್ತ್ರಿ ನಗಲಿಲ್ಲ. "ಯಾರಾದ್ರೂ ಅದರಡಿ ಸಿಕ್ಕಿಕೊಂಡ್ರೆ ಆಗ ನಗಿ."

ಅದು ನಿಜವೆಂದು ದೊಡ್ಡಮ್ಮನಿಗೂ ಗೊತ್ತು. ಯಾರೂ ಹತ್ತಿರ ಹೋಗದಂತೆ ಗೋಡೆಯ ಮುಂದೆ ಜಲ್ಲಿಯ ದಿಬ್ಬ ಒಟ್ಟಿದಳು. ಆದರೆ ಬುಡಕ್ಕೆ ತೀರಾ ಅಂಟಿಸಿಬಿಟ್ಟಿದ್ದಳು. ಮುಂಗುಸಿ ದಿಬ್ಬ ಹತ್ತಿ ಕೆಳಗಿನ ಬಿಲಗಳನ್ನು ಕೆದಕಿ ಮೊಟ್ಟೆ ತಿಂದು ಹೋಯಿತು.

"ಕೈಯಾರೆ ಏಣಿ ಹಾಕಿಕೊಟ್ಟೆ ನೋಡೇ," ಎಂದಳು ನನಗೆ. ಅಷ್ಟೇ. ಯಂತ್ರ ಹತ್ತಿ ದಿಬ್ಬವನ್ನು ದೂರಕ್ಕೆ ಎಳೆದು, ಬುಡವನ್ನು ಚೊಕ್ಕಟವಾಗಿ ಕೆರೆದಳು. ಈಗ ಮುಂಗುಸಿಗೆ ಗೋಡೆ ಹತ್ತಲಾಗದು. ಮೇಲಿನ ಬಿಲಗಳಲ್ಲಿ ಮರಿಗಳ ಸದ್ದು ಕೇಳುತ್ತಿದೆ.

ಆದರೆ ಬಿಸಿಲೇರಿದರೆ ಲಾರಿಯವರು ದಿಬ್ಬ ದಾಟಿ ಗೋಡೆಯ ನೆರಳಿಗೇ ಬುತ್ತಿ ಬಿಚ್ಚಲು ಬರುತ್ತಾರೆ. ಮೇಸ್ತ್ರಿ ಇಂದು ಕಡ್ಡಿ ಮುರಿದಂತೆ ಹೇಳಿದ: "ಇನ್ನೊಬ್ಬ ಅಲ್ಲಿ ಕೂತಿದ್ದು ಕಂಡ್ರೆ, ಬೇರೆ ಡ್ರೈವರ್ ಕರೆಸಿ ಕೆಡವಿಸ್ತೀನಿ."

ದೊಡ್ಡಮ್ಮನ ಕೆಲಸ ಗುಂಡಿಯ ಆಚೆ ತುದಿಗೆ. ಅಲ್ಲಿಂದ ಗೋಡೆ ಕಾಣುವುದಿಲ್ಲ.

"ನಾನು ಕಾಯ್ಲಾ?" ಎಂದೆ.

"ನೀನಾ? ಮನೆಗೆ ನೆಂಟರು ಬಂದ್ರೆ ಬಾಗಿಲ ಹಿಂದೆ ನಿಲ್ಲೋಳು."

"ಅಲ್ಲಿ ಬಾಗಿಲು ಇಲ್ವಲ್ಲ," ಎಂದೆ.

ದೊಡ್ಡಮ್ಮ ನನ್ನನ್ನೇ ನೋಡಿ, ತನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ನನ್ನ ತಲೆಯ ಅಳತೆಗೆ ಬಿಗಿದಳು.

ನಾಳೆ ಬೆಳಿಗ್ಗೆಯಿಂದ ಮರಿಗಳು ಹಾರಿಹೋಗುವವರೆಗೆ ನಾನು ದಿಬ್ಬದ ಈಚೆ ನಿಲ್ಲುತ್ತೇನೆ. ಯಾರು ಬಂದರೂ ಒಳಗೆ ಹೋಗಬೇಡಿ ಎಂದು ಗಟ್ಟಿಯಾಗಿ ಹೇಳುತ್ತೇನೆ.