ಕಾಲುಚೀಲ ತೊಟ್ಟ ಬೂರುಗ

ಊರಿನ ಮರಗಳನ್ನು ಡ್ರೈವಿಂಗ್ ಮೇಷ್ಟ್ರಷ್ಟು ಹತ್ತಿರದಿಂದ ಬಲ್ಲವರು ಇನ್ನೊಬ್ಬರಿರಲಿಲ್ಲ. ಅವರ ಶಿಷ್ಯಕೋಟಿ ಒಂದಲ್ಲ ಒಂದು ಮರಕ್ಕೆ ಗುದ್ದದೆ ವಿದ್ಯೆ ಮುಗಿಸಿದ್ದೇ ಇಲ್ಲ. ಗುದ್ದಿದಾಗಲೆಲ್ಲ ಮೇಷ್ಟ್ರು ಇಳಿದು ಮೊದಲು ಮರವನ್ನು, ಆಮೇಲೆ ಬಂಪರನ್ನು, ಕಟ್ಟಕಡೆಗೆ ಶಿಷ್ಯನನ್ನು ನೋಡುವರು. ಬಾನೆಟ್ಟಿಗೆ ಹಾಲು ಮೆತ್ತಿದ್ದರೆ ಆಲವೋ ಅತ್ತಿಯೋ, ಎಲೆ ನೋಡಿ ತೀರ್ಮಾನ. ಬೊಡ್ಡೆಯ ಮುಳ್ಳು ಬಣ್ಣ ಕೆರೆದು, ಮೇಲೆ ಬೆರಳು ಚಾಚಿದ ಅಂಗೈಯಂಥ ಎಲೆಯಿದ್ದರೆ ಬೂರುಗ. ಬೂರುಗ ಊರಿಗೆಲ್ಲ ಒಂದೇ, ಬಸ್ ನಿಲ್ದಾಣದ ತಿರುವಿನಲ್ಲಿ.

ಗುದ್ದಿದ ಪಾಪಕ್ಕೆ ಪರಿಹಾರವೆಂದು ಮೇಷ್ಟ್ರು ಬೀಜ ಕೂಡಿಸಿ ಸಸಿ ಎಬ್ಬಿಸತೊಡಗಿದರು. ನಿಯಮ ಮಾತ್ರ ಕಟ್ಟುನಿಟ್ಟು. ಬಲಿಯದೆ ಕೀಳಬಾರದು, ಐದರಲ್ಲಿ ಒಂದು ಪಾಲು ತಮಗೆ, ಮಿಕ್ಕದ್ದು ಹಕ್ಕಿಗೆ, ಅಳಿಲಿಗೆ, ಗಾಳಿಗೆ.

ಆ ವರ್ಷ ರಸ್ತೆ ಇಲಾಖೆ ಬೂರುಗಕ್ಕೆ ಕೆಂಪು ಗುರುತು ಬಳಿಯಿತು. ತಿರುವು ಅಗಲವಾಗಬೇಕಂತೆ. ಕಾಯಿ ಇನ್ನೂ ಹಸಿರು. ಈಗಲೇ ಕಿತ್ತರೆ ಬೀಜ ಮೊಳೆಯದು. ಬಲಿತು ಬಿರಿದರೆ ಹತ್ತಿಯ ಜೊತೆ ಹಾರಿಹೋಗುತ್ತದೆ. ಬೀಜ ಸಿಕ್ಕದಿದ್ದರೆ ಊರಿನಲ್ಲಿ ಬೂರುಗದ ವಂಶವೇ ನಿರ್ವಂಶ. ಮೇಷ್ಟ್ರು ಯೋಚಿಸಿ, ತಮ್ಮ ಪಾಲಿನ ಕಾಯಿಗಳಿಗೆ ಕಾಲುಚೀಲ ತೊಡಿಸಲು ಹೊರಟರು.

"ಮನೇಲಿದ್ದಿದ್ದೆಲ್ಲಾ ಹೋಯ್ತು. ನನ್ನ ತಮ್ಮಂದೂ ಬಿಡ್ಲಿಲ್ವಲ್ರೀ!" ಎಂದರು ಹೆಂಡತಿ.

"ನಿನ್ನ ತಮ್ಮನ ಕಾಲಿಗಿಂತ ಕಾಯಿ ಎಷ್ಟೋ ವಾಸಿ ಕಣೇ. ನಾತ ಇಲ್ಲ."

ಸಾಲದ್ದಕ್ಕೆ ಶಿಷ್ಯೆಯರ ಮನೆಗಳಿಂದಲೂ ಹಳೆಯವು ಬಂದವು. ಮೇಷ್ಟ್ರು ಕೋಟೆಗೆ ಲಗ್ಗೆಯಿಡುವ ದಂಡನಾಯಕನಂತೆ ಏಣಿಯೇರಿ, ಒಂದೊಂದನ್ನೇ ತೊಡಿಸಿ ದಾರ ಬಿಗಿದರು.

ಮರುದಿನವೇ ಗರಗಸದವನೊಂದಿಗೆ ಬಂದ ಇಲಾಖೆಯ ಸಾಹೇಬರು ತಲೆಯೆತ್ತಿ ಬೆಪ್ಪಾದರು.

"ಏನ್ರೀ ಇದು?"

"ಕಾಲುಚೀಲ, ಸಾರ್."

"ಅದು ಕಾಣ್ಸುತ್ತೆ. ಯಾರದ್ದು?"

"ಊರವರದ್ದು."

ಸಾಹೇಬರು ನಿಯಮ ಮೀರಿದವರಲ್ಲ. ಮರದ ಮೇಲೆ ಪರರ ಸೊತ್ತಿದ್ದರೆ ಒಡೆಯರು ಬಿಡಿಸಿಕೊಳ್ಳುವವರೆಗೆ ಗರಗಸ ತಾಗಿಸುವಂತಿಲ್ಲ. ಕಾಲುಚೀಲ ಸೊತ್ತಲ್ಲವೆಂದು ಎಲ್ಲೂ ಹೇಳಿರಲಿಲ್ಲ. ಜೀಪಿಗೆ ಮೈಕು ಕಟ್ಟಿ ಸಾರಿಸಿದರು: ಒಡೆಯರು ಜೋಡಿ ಚೀಲದ ಸಮೇತ ಬಂದು, ಗುರುತು ಹೇಳಿ, ಒಯ್ಯತಕ್ಕದ್ದು.

ಜನವೋ ಜನ. ಆದರೆ ತೂತುಬಿದ್ದ ಕಾಲುಚೀಲವನ್ನು ಊರೆದುರು ತನ್ನದೆಂದು ಒಪ್ಪುವ ಎದೆಗಾರಿಕೆ ಯಾರಿಗಿದೆ?

"ಆ ನೀಲಿ ನಿಮ್ದಲ್ವಾ ಭಾವ?" ಎಂದಳೊಬ್ಬಳು.

"ಛೆ ಛೆ! ನಮ್ಮ ವಂಶದಲ್ಲೇ ಅಷ್ಟು ದಪ್ಪ ಹೆಬ್ಬೆರಳು ಯಾರಿಗೂ ಇಲ್ಲಮ್ಮ."

ಸಾಹೇಬರು ಹಠ ಹಿಡಿದು ಮರದಡಿ ಕುರ್ಚಿ ಹಾಕಿಸಿದರು. ದಿನ ಕಳೆದಂತೆ ಕಾಯಿ ಕಂದುಬಣ್ಣಕ್ಕೆ ತಿರುಗಿತು. ಒಂದು ಮಧ್ಯಾಹ್ನ ಆಕಳಿಸುತ್ತ ಮೇಲೆ ನೋಡಿದ ಸಾಹೇಬರ ಬಾಯಿ ತೆರೆದೇ ಉಳಿಯಿತು. ಬೂದಿಬಣ್ಣದ ಒಂದು ಕಾಲುಚೀಲ; ಹಿಮ್ಮಡಿಯಲ್ಲಿ ಕೆಂಪು ದಾರದ ತೇಪೆ.

"ಮೇಷ್ಟ್ರೇ," ಎಂದರು ದನಿ ತಗ್ಗಿಸಿ, "ನಮ್ಮನೆಯವ್ರು ನಿಮ್ಮ ಹತ್ರ ಕಾರ್ ಕಲೀತಿದಾರಾ?"

"ಹೂಂ ಸಾರ್. ಇದೇ ಮರಕ್ಕೆ ಎರಡು ಸಲ ಗುದ್ದಿದಾರೆ."

"ದಮ್ಮಯ್ಯ, ಯಾರಿಗೂ ಹೇಳ್ಬೇಡಿ. ಈಗ್ಲೇ ಎಲ್ಲಾ ಬಿಚ್ಕೊಂಡು ಹೋಗಿಬಿಡಿ."

ಮೇಷ್ಟ್ರು ಬೀಜ ತುಂಬಿದ ಚೀಲಗಳನ್ನು ಹಸುಗೂಸಿನಂತೆ ಇಳಿಸಿಕೊಂಡರು.

"ಉಳಿದಿದ್ದೂ ಕಿತ್ಕೊಳ್ಳಿ ಸ್ವಾಮಿ. ನಾಳೆ ಮರಾನೇ ಇರಲ್ಲ," ಎಂದ ಗರಗಸದವನು.

"ಆಗಲ್ಲಪ್ಪ. ಅದು ನನ್ನ ಪಾಲಲ್ಲ."

"ಹುಚ್ಚಿಗೂ ಒಂದು ಮಿತಿ ಬೇಡ್ವೇ!"

ಮಾರನೆಯ ದಿನ ಬೂರುಗ ಉರುಳಿತು. ಮೇಷ್ಟ್ರು ಕಾರಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದಲ್ಲಿ ಸ್ಟೇರಿಂಗ್ ಹಿಡಿದಿದ್ದವರು ಹೊಸ ಶಿಷ್ಯೆ, ನಿವೃತ್ತ ನರ್ಸಮ್ಮ. ನೆಲಕ್ಕಪ್ಪಳಿಸಿದ ಹೊಡೆತಕ್ಕೆ ಉಳಿದ ಕಾಯಿಗಳೆಲ್ಲ ಒಮ್ಮೆಲೇ ಬಿರಿದು ತಿರುವಿಗೆ ತಿರುವೇ ಬೆಳ್ಳಗಾಯಿತು. ಸಾಹೇಬರು ಸೀನಿದರು, ಗರಗಸದವನು ಸೀನಿದ. ಹತ್ತಿ ಹೊತ್ತ ಬೀಜಗಳು ಹೊರಡಲಿದ್ದ ಬಸ್ಸಿನ ಕಿಟಕಿಗಳಲ್ಲಿ ನುಗ್ಗಿ, ಟಿಕೆಟಿಲ್ಲದೆ ಪ್ರಯಾಣ ಬೆಳೆಸಿದವು.

ಮೇಷ್ಟ್ರು ಕಣ್ಣು ಬಿಟ್ಟರು. "ನರ್ಸಮ್ಮ, ಆ ಬಸ್ಸಿನ ಹಿಂದೇನೇ ಬಿಡಿ! ಎಲ್ಲೆಲ್ಲಿ ಇಳೀತವೋ ನೋಡ್ಬೇಕು."

"ಬ್ರೇಕ್ ಇನ್ನೂ ಹೇಳ್ಕೊಟ್ಟಿಲ್ವಲ್ಲ ಮೇಷ್ಟ್ರೇ?"

"ಇವತ್ತು ಬೇಕಾಗಲ್ಲ. ನಡೀರಿ!"