ಒಗೆಯುವ ಕೋಣೆಯ ಸರದಿ ಪಟ್ಟಿ

ಉತ್ತರ ಸ್ವೀಡನ್ನಿನ ಆ ಪಟ್ಟಣದಲ್ಲಿ ಮದುವೆ ಮುರಿದರೂ ಜನ ತುಟಿ ಬಿಚ್ಚುತ್ತಿರಲಿಲ್ಲ. ಆದರೆ ಒಗೆಯುವ ಕೋಣೆಯಲ್ಲಿ ತಮ್ಮ ಸರದಿಯನ್ನು ಇನ್ನೊಬ್ಬರು ಕಬಳಿಸಿದರೆ ಸುಮ್ಮನಿರುತ್ತಿರಲಿಲ್ಲ. ಸಾವಿರದ ಇನ್ನೂರು ಬಾಡಿಗೆ ಮನೆಗಳಿಗೆ, ಎಲ್ಲರಿಗೂ ಸೇರಿ ವಾಷಿಂಗ್ ಮಷಿನ್ ಇಟ್ಟ ನಲವತ್ತು ಒಗೆಯುವ ಕೋಣೆ. ಆ ಸರದಿಯನ್ನು ಕಾಯುತ್ತಿದ್ದವಳು ಗುನ್ವೋರ್, ಬಾಡಿಗೆ ಕಂಪನಿಯ ಕಚೇರಿಯಲ್ಲಿ ದೂರು ಬರೆದುಕೊಳ್ಳುತ್ತಿದ್ದ ಐವತ್ತೆಂಟರ ಹೆಂಗಸು.

ದಿನ, ಗಂಟೆ ಬರೆದ ಗೋಡೆಯ ಹಲಗೆಗೆ ತಂತಮ್ಮ ಬೀಗ ಸಿಕ್ಕಿಸಿ ಸರದಿ ಹಿಡಿಯುವ ಹಳೆಯ ಪದ್ಧತಿಯ ಜಗಳ ಕೇಳಿ ಕೇಳಿ ಸಾಕಾಗಿ, ಅವಳು ಸಂಜೆ ತರಗತಿಗೆ ಹೋಗಿ ಕಲಿತು, ಜನ ಮನೆಯಿಂದಲೇ ಸರದಿ ಕಾದಿರಿಸುವ ವೆಬ್ ಪುಟಗಳನ್ನು ತಾನೇ ಕಟ್ಟಿದ್ದಳು. ಅವುಗಳ ಹಿಂದಿದ್ದದ್ದು ಒಬ್ಬಿಬ್ಬರ ಬಳಕೆಗೆಂದು ಮಾಡಿದ ಚಿಕ್ಕ ಡೇಟಾಬೇಸ್, ಕಚೇರಿಯ ಕಂಪ್ಯೂಟರಿನಲ್ಲಿದ್ದ ಒಂದೇ ಒಂದು ಫೈಲು. ಭಾನುವಾರ ಇಪ್ಪತ್ತು ಮಂದಿ ಒಟ್ಟಿಗೆ ನುಗ್ಗಿದರೆ ಅದು ಉಸಿರು ಕಟ್ಟಿ ಕೂರುತ್ತಿತ್ತು.

ನೂರಾರು ಮಂದಿ ಒಟ್ಟಿಗೆ ಬಳಸಬಲ್ಲ ಸರ್ವರ್ ಡೇಟಾಬೇಸಿಗೆ ಸಾಗಿಸೋಣ ಎಂದು ಮೂರು ವರ್ಷ ಹೇಳಿದಳು. ಮ್ಯಾನೇಜರ್ ಟೋರ್ಸ್ಟೆನ್ ಪ್ರತಿಸಲವೂ ಕಾಫಿ ಕಲಕುತ್ತ, "ನೋಡೋಣ ಗುನ್ವೋರ್, ಅದಕ್ಕೆಲ್ಲ ಗೊತ್ತಿರೋರು ಬೇಕಲ್ವಾ" ಎನ್ನುತ್ತಿದ್ದ. ಅವನಿಗೆ ಗೊತ್ತಿದ್ದ ಕಂಪ್ಯೂಟರ್ ವಿದ್ಯೆ ಪ್ರಿಂಟರಿಗೆ ಕಾಗದ ತುಂಬುವುದು, ಅದೂ ತಿರುವುಮುರುವಾಗಿ. ಹಿತ್ತಲ ಗಿಡ ಮದ್ದಲ್ಲ ಎಂಬುದು ಅವನ ಮಟ್ಟಿಗೆ ಆಡಳಿತ ನೀತಿಯೇ ಆಗಿತ್ತು.

೨೦೦೩ರ ವಸಂತದಲ್ಲಿ ಸ್ಟಾಕ್‌ಹೋಮಿನಿಂದ ರಾಸ್ಮುಸ್ ಎಂಬ ಸಲಹೆಗಾರ ಬಂದ. ಗುನ್ವೋರ್ ಬರೆದಿಟ್ಟ ಟಿಪ್ಪಣಿಯನ್ನೇ ಬಣ್ಣ ಬಳಿದು ಪರದೆಯ ಮೇಲೆ ತೋರಿಸಿ, ಸರ್ವರಿಗೆ ಸಾಗಿಸಬೇಕು ಎಂದ. ಟೋರ್ಸ್ಟೆನ್ ವೇದವಾಕ್ಯ ಕೇಳಿದವನಂತೆ ತಲೆಯಾಡಿಸಿದ.

"ಒಂದು ಮಾತು," ಎಂದಳು ಗುನ್ವೋರ್. "ಹಳೇದ್ರಲ್ಲಿ 'ಹೌದು' ಅನ್ನೋದು ಮೈನಸ್ ಒಂದು ಅಂತ ಇರುತ್ತೆ. ಹೊಸದ್ರಲ್ಲಿ ಬರೀ ಒಂದು. ನನ್ನ ಪುಟಗಳು ಮೈನಸ್ ಒಂದನ್ನೇ ಹುಡುಕ್ತವೆ. ಹಾಗೇ ಸಾಗಿಸಿದ್ರೆ ಜನ ಹಿಡಿದಿಟ್ಟಿರೋ ಸರದಿಯೆಲ್ಲ ಖಾಲಿ ಅಂತ ತೋರಿಸುತ್ತೆ."

"ಸಾಗಿಸೋ ಸಾಫ್ಟ್‌ವೇರೇ ಅದನ್ನೆಲ್ಲ ನೋಡ್ಕೊಳ್ಳುತ್ತೆ," ಎಂದ ರಾಸ್ಮುಸ್, ನಗುತ್ತ.

"ಅದು ಡೇಟಾಬೇಸ್ ನೋಡ್ಕೊಳ್ಳುತ್ತೆ. ಪುಟಗಳನ್ನ ಯಾರು ನೋಡ್ತಾರೆ?"

"ಗುನ್ವೋರ್, ಅವನಿಗೆ ಕೆಲಸ ಮಾಡೋಕೆ ಬಿಡು," ಎಂದ ಟೋರ್ಸ್ಟೆನ್.

ಅವಳು ಬಿಟ್ಟಳು. ಹೇಳಿದ್ದನ್ನೇ ಮೇಲ್‌ನಲ್ಲಿ ಬರೆದು ಇಬ್ಬರಿಗೂ ಕಳಿಸಿದಳು. ಶುಕ್ರವಾರ ರಾಸ್ಮುಸ್ ಗುಂಡಿ ಒತ್ತಿದ, ಪರದೆಯಲ್ಲಿ ಹಸಿರು ಗುರುತು ಮೂಡಿತು. ಒಂದು ಸರದಿ ಹಿಡಿದು ನೋಡಿ, ನಾಲ್ಕರ ರೈಲು ಹತ್ತಿದ.

ಸೋಮವಾರ ಬಾಗಿಲು ತೆರೆಯುವ ಮೊದಲೇ ಕಚೇರಿಯ ಮುಂದೆ ಹೋಲ್ಗರ್ ನಿಂತಿದ್ದ, ಕ್ರೇನ್ ಓಡಿಸಿ ನಿವೃತ್ತನಾದ ಮುದುಕ. ಕೈಯಲ್ಲಿ ನೀರು ತೊಟ್ಟಿಕ್ಕುವ ಬುಟ್ಟಿ. "ನನ್ನ ಸರದೀಲಿ ಎರಡನೇ ಮಹಡಿಯವಳು ಬಂದು ಒದ್ದೆ ಬಟ್ಟೆ ತೆಗೆದು ನೆಲಕ್ಕೆ ಹಾಕಿದಾಳೆ. ಅದು ತನ್ನ ಸರದಿಯಂತೆ. ನಿಮ್ಮ ಪುಟದಲ್ಲಿ ಖಾಲಿ ಅಂತ ತೋರಿಸ್ತಂತೆ, ಹಿಡಿದಳಂತೆ."

ಒಂಬತ್ತರ ಹೊತ್ತಿಗೆ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ರಾಸ್ಮುಸ್ ಮೀಟಿಂಗಿನಲ್ಲಿದ್ದನಂತೆ. ಟೋರ್ಸ್ಟೆನ್ ಗುನ್ವೋರ್ ಮೇಜಿನ ಬಳಿ ಬಂದ. "ನೀನೇನೋ ಮೈನಸ್ ಅಂದಿದ್ದೆ."

"ಮೇಲ್ ಓದಿದ್ಯಾ?"

"ಇನ್ನೂ ಇಲ್ಲ."

"ಈಗ ಓದು. ಜೋರಾಗಿ."

ಅವನು ಓದಿದ. ಇಡೀ ಕಚೇರಿ ಕೇಳಿಸಿಕೊಂಡಿತು.

"ಪುಟ ನಾನು ಸರಿಮಾಡ್ತೀನಿ," ಎಂದಳು. "ಸರದಿ ಗೋಜಲಾಗಿರೋದು ಎಂಬತ್ತಾರು ಮನೆಯವರದ್ದು. ಅವರಿಗೆಲ್ಲ ಫೋನ್ ಮಾಡಿ ತಪ್ಪಾಯ್ತು ಅನ್ನೋದು ನಿನ್ನ ಕೆಲಸ. ಹೋಲ್ಗರ್‌ನಿಂದ ಶುರು ಮಾಡು, ಇಲ್ಲೇ ನಿಂತಿದಾನೆ."

ಮೂವತ್ತೊಂದು ಪುಟಗಳಲ್ಲಿ ಮೈನಸ್ ಒಂದನ್ನು ಕಿತ್ತು, ಸೊನ್ನೆಯಲ್ಲದ್ದೆಲ್ಲ 'ಹೌದು' ಎಂದು ಬರೆದಳು. ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯಿತು. ಟೋರ್ಸ್ಟೆನ್ ಬುಧವಾರದವರೆಗೂ ಕ್ಷಮೆ ಕೇಳುತ್ತಲೇ ಇದ್ದ.

ಮುಂದಿನ ಭಾನುವಾರ ಅರವತ್ತು ಮಂದಿ ಒಟ್ಟಿಗೆ ನುಗ್ಗಿದರೂ ಸರ್ವರ್ ಜಗ್ಗಲಿಲ್ಲ. ಮನೆಯಲ್ಲಿ ಕುಳಿತು ನೋಡುತ್ತಿದ್ದ ಗುನ್ವೋರ್‌ಗೆ ಹೊಟ್ಟೆ ತುಂಬಿದಂತಾಯಿತು.

ತಿಂಗಳ ಸಭೆಯಲ್ಲಿ ಟೋರ್ಸ್ಟೆನ್ ಕೇಕ್ ಕತ್ತರಿಸಿ, ಕೆಲಸ ಸುಸೂತ್ರವಾಗಿ ಮುಗಿಸಿಕೊಟ್ಟ ರಾಸ್ಮುಸ್‌ಗೆ ಧನ್ಯವಾದ ಹೇಳಿದ. ಇಂಥ ಮ್ಯಾನೇಜರ್ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಗುನ್ವೋರ್‌ಗೆ ಅವನಿಗೆ ಕೊಟ್ಟ ಮರ್ಯಾದೆಯೇ ಅನ್ನಿಸಿತು. ತನ್ನ ತುಂಡು ತಿಂದು ಮುಗಿಸಿ, ಮೇಜಿಗೆ ಹೋಗಿ ರಾಜೀನಾಮೆ ಬರೆದಳು.

ಆಗಸ್ಟಿನಲ್ಲಿ ಪಕ್ಕದ ಊರಿನ ಬಾಡಿಗೆ ಕಂಪನಿಯೊಂದು ಅವಳನ್ನು ಇಂಥದೇ ಸರದಿ ಪುಟಗಳನ್ನು ಕಟ್ಟುವ ಕೆಲಸಕ್ಕೆ ತೆಗೆದುಕೊಂಡಿತು. ಮೊದಲ ದಿನ ಅಲ್ಲಿಯ ಮ್ಯಾನೇಜರ್ ಕುರ್ಚಿ ಎಳೆದು ಕುಳಿತು, "ಏನೇನು ಆಗ್ಬೇಕು, ಹೇಳು" ಎಂದು ಪೆನ್ನು ತೆಗೆದಳು. ಗುನ್ವೋರ್ ಆ ಪೆನ್ನನ್ನು ನೋಡಿದಳು, ತನ್ನ ಕುರ್ಚಿಯನ್ನೂ ಹತ್ತಿರ ಎಳೆದುಕೊಂಡು ಹೇಳತೊಡಗಿದಳು.