ಹಿರಿಯೂರು ಯಜಮಾನರ ಮರದ ಕುದುರೆ

ಹೋದ ಭಾನುವಾರ ನಾನೊಂದು ಕುದುರೆ ಕೊಂಡೆ.

ಮರದ ಕುದುರೆ. ಒಂದು ಕಿವಿ ಇಲ್ಲ. ಬಾಲದಲ್ಲಿ ಉಳಿದಿರುವುದು ಹನ್ನೊಂದು ಕೂದಲು. ಅದು ನನಗೆ ಬೇಕಾಗಿರಲಿಲ್ಲ. ಹರಾಜಿನಲ್ಲಿ ಕೂಗಿ ಕೂಗಿ ರೇಟು ಏರಿಸಿದವನು ನಾನೇ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ ಅಂತ ಮೇಜು ಕುಟ್ಟಿದವನೂ ನಾನೇ. ಕೊನೆಗೆ ದುಡ್ಡು ತೆತ್ತವನೂ ನಾನೇ. ಇಷ್ಟು ದೊಡ್ಡ ಮೂರ್ಖತನವನ್ನು ಯಾರ ಸಹಾಯವೂ ಇಲ್ಲದೆ ಒಬ್ಬರೇ ಮಾಡಿ ಮುಗಿಸಿದ ಇನ್ನೊಬ್ಬರು ಚಿತ್ರದುರ್ಗ ಜಿಲ್ಲೆಯಲ್ಲಿದ್ದರೆ ದಯವಿಟ್ಟು ಪತ್ರ ಬರೆಯಿರಿ. ಕಂಪನಿಯಾಗುತ್ತದೆ.

ಆಗಿದ್ದಿಷ್ಟು. ಹೊಳಲ್ಕೆರೆಯಲ್ಲಿ ಒಂದು ಹಳೇ ಫೋಟೋ ಸ್ಟುಡಿಯೋ ಇತ್ತು. ಮಾಲೀಕರು ತೀರಿಕೊಂಡು ವರ್ಷವಾಯಿತು. ಅವರ ಅಣ್ಣನ ಮಗ ಪರಮೇಶಣ್ಣ ಅಂಗಡಿ ಖಾಲಿ ಮಾಡಬೇಕಿತ್ತು. ಎಲ್ಲವನ್ನೂ ಗುಜರಿಗೆ ಹಾಕಲು ಹೊರಟಿದ್ದಾಗ ಯಾರೋ ಪುಣ್ಯಾತ್ಮರು ತಡೆದರಂತೆ. "ಲೇ, ಗುಜರಿ ಅಲ್ಲಲೇ ಇದು, ಆಂಟಿಕ್ಕು!"

ಅಷ್ಟೇ ವ್ಯತ್ಯಾಸ ನೋಡಿ. ಅಟ್ಟದ ಮೇಲಿದ್ದರೆ ಗುಜರಿ. ಕೆಳಗಿಳಿಸಿ, ಒರೆಸಿ, ನಂಬರ್ ಚೀಟಿ ಅಂಟಿಸಿ ಮೇಜಿನ ಮೇಲಿಟ್ಟರೆ ಆಂಟಿಕ್. (ಈ ಲೆಕ್ಕದಲ್ಲಿ ನಮ್ಮ ರೂಮಿನ ಓನರ್ ಕೂಡ... ಬೇಡ ಬಿಡಿ. ಅವರು ಈ ಅಂಕಣ ಓದುತ್ತಾರೆ.)

ಹರಾಜು ಕೂಗಲು ನನ್ನನ್ನೇ ಏಕೆ ಕರೆದರು? ನನ್ನ ಹೊಟ್ಟೆಪಾಡು ಮಿಮಿಕ್ರಿ ಅಂತ ನಿಮಗೆ ಗೊತ್ತೇ ಇದೆ. ಆರ್ಕೆಸ್ಟ್ರಾ, ಅಂಗಡಿ ಓಪನಿಂಗು, ಸ್ಕೂಲ್ ಡೇ. ಹುಂಜ, ಕೆಟ್ಟು ನಿಂತ ಬಸ್ಸು, ಸಿಟ್ಟು ಬಂದ ಹೆಡ್‌ಮಾಸ್ಟರು, ಸಿಟ್ಟು ನುಂಗಿದ ಅವರ ಹೆಂಡತಿ, ಎಲ್ಲರ ದನಿಯೂ ನನಗೆ ಬರುತ್ತದೆ. ತೊಂದರೆ ಇರುವುದು ಒಂದೇ. ಹೋದ ತಿಂಗಳು ಜ್ವರ ಬಂದು ಗೆಳೆಯನಿಗೆ ಫೋನ್ ಮಾಡಿ, "ಎದ್ದೇಳೋಕೂ ಆಗ್ತಿಲ್ಲ ಕಣೋ" ಅಂದೆ. ಅವನು ಬಿದ್ದು ಬಿದ್ದು ನಕ್ಕ. "ಸೂಪರ್ ಲೇ! ಇದು ಯಾರ್ದು ವಾಯ್ಸು?"

ನಂದೇ ಕಣಪ್ಪ.

ಇರಲಿ. ಹರಾಜಿಗೆ ಮುಂಚೆ ಪರಮೇಶಣ್ಣ ನನ್ನನ್ನು ಪಕ್ಕಕ್ಕೆ ಕರೆದ. "ಜನ ಬಾಯಿ ಬಿಡ್ಲಿಲ್ಲ ಅಂದ್ರೆ ಹಿಂದ್ಗಡೆಯಿಂದ ನೀನೇ ಒಂದು ದನಿ ಬಿಡಪ್ಪ. ರೇಟು ಏರ್ತೈತೆ."

"ಮೋಸ ಅಲ್ವಾ ಅಣ್ಣ ಅದು?"

"ಮೋಸ ಎಲ್ಲಿಂದ ಬಂತೋ? ಕಲೆ ಅದು, ಕಲೆ!"

ಕಲೆ ಅಂದುಬಿಟ್ಟರೆ ನಾನು ಎಂಥ ಗುಂಡಿಗೂ ಬೀಳುತ್ತೇನೆ. ಬಿದ್ದೆ.

ಏರ್ಪಾಡು ಸುಲಭ. ಮುಂದೊಂದು ಸ್ಪೀಕರ್, ಹಿಂದೆ ಮೆಟ್ಟಿಲ ಹತ್ತಿರ ಇನ್ನೊಂದು. ಮುಂದಿನದರ ಸ್ವಿಚ್ಚು ನನ್ನ ಕಾಲ ಬಳಿ. ನಂಬರ್ ಚೀಟಿ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗುವುದು, ಸ್ವಿಚ್ಚು ಆರಿಸುವುದು, ಬಾಯಿಗೆ ಕರ್ಚೀಫು ಹಿಡಿದು ಮೈಕಿನಲ್ಲಿ ಕೂಗುವುದು. ದನಿ ಮೆಟ್ಟಿಲ ಕಡೆಯಿಂದ ಬರುತ್ತದೆ. ಅಲ್ಲಿ ನಿಂತ ಇಪ್ಪತ್ತು ಜನರಲ್ಲಿ ಪ್ರತಿಯೊಬ್ಬರೂ ಪಕ್ಕದವರೇ ಕೂಗಿದ್ದು ಅಂದುಕೊಳ್ಳುತ್ತಾರೆ.

ಹೀಗೆ ಹುಟ್ಟಿದರು ಹಿರಿಯೂರು ಯಜಮಾನರು. ವಯಸ್ಸು ಅರವತ್ತೈದು. ಬಾಯಿ ತುಂಬ ಎಲೆಅಡಿಕೆ, ಎದೆ ತುಂಬ ಕಫ, ಅದರ ಮೇಲಿಷ್ಟು ದೌಲತ್ತು. "ಹಾಕ್ಕಳಪ್ಪಾ... ಎಂಟ್ನೂರು!" ಕೂಡಲೇ ನಾನು ತಲೆಯೆತ್ತಿ ಗಂಭೀರವಾಗಿ, "ಹಿರಿಯೂರು ಯಜಮಾನರದು ಎಂಟುನೂರು, ಮುಂದೆ ಯಾರು?"

ಯಜಮಾನರು ಭಾರಿ ಕೆಲಸಗಾರರು. ಮಡಿಚುವ ಹಳೇ ಕ್ಯಾಮೆರಾ, ಗೋಡೆ ಗಡಿಯಾರ, ಜನ ಫೋಟೋಕ್ಕಾಗಿ ಕಿವಿಗೆ ಹಿಡಿದು ಕೂರುತ್ತಿದ್ದ ವೈರಿಲ್ಲದ ಕರೀ ಟೆಲಿಫೋನು, ಎಲ್ಲದರ ರೇಟನ್ನೂ ಏರಿಸಿ ಸರಿಯಾದ ಹೊತ್ತಿಗೆ ಜಾರಿಕೊಂಡರು. ಟೆಲಿಫೋನು ಹೊಸದುರ್ಗದ ಹೋಟೆಲಿನವರ ಪಾಲಾಯಿತು. ಕೌಂಟರಿನ ಮೇಲಿಡುತ್ತಾರಂತೆ. ನನಗಂತೂ ಖುಷಿಯೋ ಖುಷಿ. ಭಾನುವಾರದ ಮಧ್ಯಾಹ್ನ ಅಷ್ಟು ಜನ ನನ್ನ ಮುಂದಿದ್ದಾರೆ, ನಗುತ್ತಿದ್ದಾರೆ, ಎದ್ದು ಹೋಗುತ್ತಿಲ್ಲ. ಇನ್ನೇನು ಬೇಕು?

ಆಮೇಲೆ ಕುದುರೆ ಬಂತು. ಮಕ್ಕಳನ್ನು ಕೂರಿಸಿ ಫೋಟೋ ತೆಗೆಯುತ್ತಿದ್ದ ಕುದುರೆ. ಮುನ್ನೂರಕ್ಕೆ ಶುರು ಮಾಡಿದೆ.

"ಐನೂರು."

ಮುಂದಿನ ಸಾಲಿನಲ್ಲಿ ನೆಲದ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದ ಹೆಂಗಸು. ಅರವತ್ತು ದಾಟಿರಬೇಕು. ಬೆಳಗ್ಗೆಯಿಂದ ಆಕೆ ಬಾಯೇ ತೆರೆದಿರಲಿಲ್ಲ. ಗುಂಪಿನಿಂದ ಒಬ್ಬ ಕೂಗಿದ, "ಏನಜ್ಜೀ, ಸವಾರಿ ಹೊಂಟ್ಯಾ?" ಎಲ್ಲರೂ ನಕ್ಕರು. ನಾನೂ.

ಬೇರೆ ಯಾರೂ ಕೂಗಲಿಲ್ಲ. ಪರಮೇಶಣ್ಣ ಕಣ್ಣಲ್ಲೇ ಸನ್ನೆ ಮಾಡಿದ. ನಾನು ಮೇಜಿನ ಕೆಳಗೆ ಬಗ್ಗಿದೆ.

"ಹಾಕ್ಕಳಪ್ಪಾ... ಏಳ್ನೂರು!"

"ಎಂಟ್ನೂರು" ಅಂದಳು ಆಕೆ. ಯಜಮಾನರು ಸಾವಿರ ಅಂದರು. ಆಕೆ ಸಾವಿರದ ಇನ್ನೂರು. ಜನ ಚಪ್ಪಾಳೆ ಹೊಡೆಯತೊಡಗಿದರು. ಯಜಮಾನರು ಎರಡು ಸಾವಿರಕ್ಕೆ ಹೋದರು. ಆಕೆ ಚೀಲದೊಳಗೆ ಕೈ ಹಾಕಿದಳು, ಸೆರಗಿನ ಗಂಟು ಬಿಚ್ಚಿ ನೋಡಿದಳು. ಆಮೇಲೆ ಹೇಳಿದಳು, "ಎರಡು ಸಾವಿರದ ನೂರ ನಲವತ್ತು."

ಆ ನಲವತ್ತು ನನಗೆ ಅರ್ಥವಾಯಿತು. ಸುಳ್ಳು ಹೇಳುವುದಿಲ್ಲ, ಆಗಲೇ ಅರ್ಥವಾಯಿತು. ಅಷ್ಟೇ ಇದ್ದವರು ಮಾತ್ರ ಆ ನಲವತ್ತನ್ನು ಸೇರಿಸಿ ಕೂಗುತ್ತಾರೆ.

ಆದರೆ ಜನ ಹಿಂದೆ ತಿರುಗಿ ಕಾಯುತ್ತಿದ್ದರು. ಯಜಮಾನರು ಈಗೇನು ಹೇಳುತ್ತಾರೆ? ಅಷ್ಟು ಮುಖಗಳು ಒಂದು ದನಿಗೆ ಕಾದು ನಿಂತಾಗ ಸುಮ್ಮನಿರುವುದು ನನಗೆ ಬರುವುದಿಲ್ಲ.

"ಹಾಕ್ಕಳಪ್ಪಾ... ಎರಡೂವರೆ ಸಾವಿರ!"

ಆಕೆಯ ಕೈ ಕಿವಿಗೆ ಹೋಯಿತು. ನಾನು ಮೈಕಿನಲ್ಲಿ, "ಕೇಳಿಸ್ಲಿಲ್ವಾ ಅಮ್ಮಾ? ಎರಡೂವರೆ!" ಅಂದೆ. ಹೋ ಅಂತ ನಗು. ಆಕೆ ಹಿಂದೆ ತಿರುಗಿ ಮೆಟ್ಟಿಲ ಕಡೆ ಒಮ್ಮೆ ನೋಡಿದಳು. ಕೈ ಕಿವಿಯಿಂದ ಇಳಿಯಿತು. ಒಂದು ಸಾರಿ. ಎರಡು ಸಾರಿ. ಮೂರನೆಯದನ್ನು ಎಷ್ಟು ಎಳೆದೆನೆಂದರೆ ಉಸಿರು ಮುಗಿಯಿತು. ಆಕೆ ಎದ್ದು ಸೀರೆ ಕೊಡವಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟಳು.

ಸಂಜೆ ಪರಮೇಶಣ್ಣ ಕೇಳಿದ, "ಎಲ್ಲಪ್ಪ ನಿನ್ನ ಯಜಮಾನ? ಕರಿ, ದುಡ್ಡು ಕೊಡ್ಲಿ." ನಾನು ಕರೆಯಲಿಲ್ಲ. ಅವನು ನನ್ನ ಕೂಲಿಯಲ್ಲಿ ಮುರಿದುಕೊಂಡ.

ಚಿತ್ರದುರ್ಗದ ಬಸ್ಸಿನಲ್ಲಿ ಕಂಡಕ್ಟರ್ ದುರುಗುಟ್ಟಿದರು. "ಇದು ಲಗೇಜಾ, ಪ್ಯಾಸೆಂಜರಾ?"

"ಕುದುರೆ ಅಣ್ಣ."

"ನಂಗೂ ಕಣ್ಣು ಕಾಣ್ತೈತೆ. ಕುದ್ರೆ ಇಟ್ಕಂಡು ಬಸ್ಸಿಗ್ಯಾಕೆ ಬಂದೆ? ಅದ್ರ ಮ್ಯಾಲೇ ಹೋಗ್ಬಾರ್ದೇನಪ್ಪ?"

ರೂಮಿನ ಓನರ್ ಗೇಟಿನಲ್ಲೇ ನಿಂತು ಕುದುರೆಯನ್ನೂ ನನ್ನನ್ನೂ ನೋಡಿ, "ಇದೆಲ್ಲ ಮದುವೆ ಆದ್ಮೇಲಲ್ವೇನಪ್ಪಾ ತರೋದು?" ಅಂದರು.

ಕುದುರೆ ರೂಮಿನ ಮಧ್ಯೆ ನಿಂತಿತು. (ನನ್ನ ರೂಮಿಗೆ ಮಧ್ಯ ಮಾತ್ರ ಇದೆ, ಅಂಚುಗಳಿಲ್ಲ.) ಊಟಕ್ಕೆ ಕೂತರೆ ಎದುರಿಗೆ ಅದರ ಮುಖ. ಅದಕ್ಕೆ ಹುಂಜ ಮಾಡಿ ತೋರಿಸಿದೆ, ಹೆಡ್‌ಮಾಸ್ಟರು ಮಾಡಿ ತೋರಿಸಿದೆ. ನಗಲಿಲ್ಲ. ಎದ್ದೂ ಹೋಗಲಿಲ್ಲ. ಮಂಗಳವಾರದ ಹೊತ್ತಿಗೆ, ಸಾರಿಗೆ ಉಪ್ಪು ಜಾಸ್ತಿಯಾಯಿತು ಅಂತ ಅದಕ್ಕೆ ಹೇಳುತ್ತಿದ್ದೆ. ಯಾರ ದನಿಯಲ್ಲಿ ಹೇಳುತ್ತಿದ್ದೇನೆ ಅಂತ ಒಂದು ಕ್ಷಣ ಗುರುತು ಸಿಗಲಿಲ್ಲ. ಬಹುಶಃ ನನ್ನದೇ ಇರಬೇಕು.

ತಡೆಯಲಾರದೆ ಪರಮೇಶಣ್ಣನಿಗೆ ಫೋನ್ ಮಾಡಿದೆ. ಯಾರು ಆಕೆ?

"ಅವ್ಳಾ? ಸಿದ್ದಕ್ಕ. ಬಿ.ದುರ್ಗದೋಳು. ಸ್ಟುಡಿಯೋದಾಗೆ ಕೆಲ್ಸಕ್ಕಿದ್ಲು. ಕಸ ಗುಡ್ಸೋದು, ನೀರು ತರೋದು, ಕೂಸು ಹಿಡಿಯೋದು."

"ಕೂಸು ಹಿಡಿಯೋದಾ?"

"ಹೂಂ ಕಣೋ. ಕುದ್ರೆ ಮ್ಯಾಲೆ ಕುಂತ ಕೂಸು ಬಿದ್ರೆ? ಕುದ್ರೆ ಹಿಂದೆ ಕರೀ ಬಟ್ಟೆ ಹೊದ್ಕಂಡು ಕುಕ್ಕರಗಾಲಲ್ಲಿ ಕುಂತು, ಸೊಂಟ ಹಿಡ್ಕಂತಿದ್ಲು. ಫೋಟೋದಾಗೆ ಕಾಣ್ಬಾರ್ದು. ಅದೇ ಅವ್ಳ ಕೆಲ್ಸ."

ಫೋನಿಟ್ಟು ಅಮ್ಮನಿಗೆ ಮೆಸೇಜ್ ಮಾಡಿದೆ. ನನ್ನ ಮೊದಲ ವರ್ಷದ ಫೋಟೋ ಕಳಿಸು. ನಮ್ಮದು ಹೊಳಲ್ಕೆರೆ ಕಡೆಯ ಹಳ್ಳಿ, ಫೋಟೋ ಅಂದರೆ ಅದೇ ಸ್ಟುಡಿಯೋ. ವಾಟ್ಸಪ್ಪಿನಲ್ಲಿ ಬಂತು. ಕುದುರೆ ಮೇಲೆ ನಾನು, ಜಿಲ್ಲಾಧಿಕಾರಿಯ ಗತ್ತಿನಲ್ಲಿ. ದೊಡ್ಡದು ಮಾಡಿ ನೋಡಿದೆ. ನನ್ನ ಅಂಗಿಯ ಪಕ್ಕ, ಸೊಂಟದ ಹತ್ತಿರ, ಎರಡು ಬೆರಳು. ಇಷ್ಟು ವರ್ಷ ಆ ಫೋಟೋ ನೋಡಿದ್ದೇನೆ. ನನ್ನನ್ನು ಬಿಟ್ಟು ಬೇರೇನೂ ಕಂಡೇ ಇರಲಿಲ್ಲ.

ಶುಕ್ರವಾರ ಬೆಳಗ್ಗೆ ಕುದುರೆ ಹೊತ್ತು ಬಿ.ದುರ್ಗಕ್ಕೆ ಹೋದೆ. ಒಂದೇ ಕೋಣೆಯ ಮನೆ. ಸಿದ್ದಕ್ಕ ಹೊಸಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ಬಾರಪ್ಪ, ಕುಂತ್ಕ" ಅಂದಳು. ಗುರುತು ಹಿಡಿದಳು, ಬೈಯಲಿಲ್ಲ. ಆಯುಷ್ಯವೆಲ್ಲ ಸ್ಟುಡಿಯೋದಲ್ಲಿ ಕಳೆದವಳ ಗೋಡೆಯ ಮೇಲೆ ಕ್ಯಾಲೆಂಡರ್ ಬಿಟ್ಟರೆ ಒಂದು ಫೋಟೋ ಇಲ್ಲ.

ಮಾತು ಶುರು ಮಾಡಲು ಬೇರೆ ದಾರಿ ಕಾಣದೆ ಮೊಬೈಲು ತೋರಿಸಿದೆ. "ಇದು ನಾನು ಅಕ್ಕ. ನೀವು ಹಿಡ್ಕೊಂಡಿದ್ದೀರಿ. ನೆನಪೈತಾ?"

ಆಕೆ ಕಣ್ಣು ಕಿರಿದು ಮಾಡಿದಳು. "ಯಾವ ಕೂಸಿಂದೂ ನೆನಪಿರಲ್ಲಪ್ಪ. ನಾನು ನೋಡ್ತಿದ್ದಿದ್ದು ಬರೀ ಬೆನ್ನು. ಮುಖ ಎಲ್ಲ ಕ್ಯಾಮ್ರಾ ಕಡೀಗೆ." ಆಮೇಲೆ ಪರದೆಯ ಮೇಲೆ ಉಗುರಿಟ್ಟು ನಾಚಿಕೊಂಡಳು. "ಥೂ, ಬೆರಳು ಕಂಡೈತೆ. ಕೆಟ್ಟ ಫೋಟೋ ಇದು. ಅವತ್ತು ಬೈಸ್ಕಂಡಿರ್ತೀನಿ."

ನನ್ನ ಜನ್ಮದ ಅತ್ಯುತ್ತಮ ಫೋಟೋ ಅದು. ಕೆಟ್ಟದ್ದಂತೆ!

ಕುದುರೆಯನ್ನು ಆಕೆಯ ಕಡೆಗೆ ತಳ್ಳಿದೆ. "ಇದು ನಿಮಗೇ ಇರ್ಲಿ ಅಂತ ತಂದೆ."

"ಬ್ಯಾಡ ಬ್ಯಾಡ." ಸಿದ್ದಕ್ಕ ಎರಡೂ ಕೈ ಅಡ್ಡ ಹಿಡಿದಳು. "ಯಜಮಾನ್ರಿಗೇ ತಗಂಡ್ ಹೋಗಿ ಕೊಡು. ಮಗು ಹುಡುಕ್ತಿರ್ತೈತೆ."

"ಯಾವ ಮಗು?"

"ಅಷ್ಟು ಹಟ ಹಿಡ್ದು ಕೂಗಿದ್ರಲ್ಲ. ಮನ್ಯಾಗೆ ಮಗು ಇಲ್ದೆ ಮರದ ಕುದ್ರೆಗೆ ಯಾರು ಕೂಗ್ತಾರೆ? ಮೊಮ್ಮಗ ಇರ್ಬೇಕು. ನಾನು ಓಲೆ ಬಿಚ್ಚಿ ಕೊಡಾಣ ಅಂತ ಕಿವಿಗೆ ಕೈ ಹಾಕಿದ್ದೆ. ಆಮ್ಯಾಲೆ ಅನ್ಕಂಡೆ, ನನ್ನ ಹತ್ರ ಬಂದ್ರೆ ಸುಮ್ನೆ ನಿಂತಿರ್ತೈತೆ. ಅಲ್ಲಾದ್ರೆ ಒಂದು ಕೂಸು ಕುಂತ್ಕಂತೈತೆ. ಬಿಟ್ಟೆ." ಕುದುರೆಯ ಬೆನ್ನು ಸವರಿದಳು. "ಎಡಕ್ಕೆ ವಾಲ್ತೈತೆ ಇದು. ಎಡಗಡೆಯಿಂದ ಹಿಡ್ಕಬೇಕು ಅಂತ ಯಜಮಾನ್ರಿಗೆ ಹೇಳು, ಮರೀಬ್ಯಾಡ."

ಇಲ್ಲಿಗೆ ಬರುವಾಗ ಬಸ್ಸಿನಲ್ಲಿ ಒಂದು ಒಳ್ಳೆಯ ಸುಳ್ಳು ತಯಾರು ಮಾಡಿಕೊಂಡಿದ್ದೆ. ಯಜಮಾನರು ಮನಸ್ಸು ಬದಲಿಸಿದರು, ನಿಮಗೇ ಕೊಡಿ ಅಂದರು ಅಂತ. ಬೇಕಿದ್ದರೆ ಅವರ ದನಿಯಲ್ಲೇ ಒಂದು ವಾಯ್ಸ್ ಮೆಸೇಜು ಕೂಡ ಆಗುತ್ತಿತ್ತು. ಆದರೆ ಆ ಸುಳ್ಳಿನಲ್ಲಿ ಮಗು ಇರಲಿಲ್ಲ. ಕುದುರೆಗಾಗಿ ಕಾಯುತ್ತಿರುವ ಮಗುವನ್ನು ಬಿಟ್ಟು ಸಿದ್ದಕ್ಕ ಅದನ್ನು ಮುಟ್ಟುವವಳಲ್ಲ.

ಕರ್ಚೀಫು ತೆಗೆದೆ. ಬಾಯಿಗೆ ಹಿಡಿದೆ. "ಹಾಕ್ಕಳಪ್ಪಾ... ಎರಡೂವರೆ ಸಾವಿರ!"

ಯಜಮಾನರು ಆ ಕೋಣೆಯಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾದರು.

ಸಿದ್ದಕ್ಕನ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ನನ್ನನ್ನು ನೋಡಿದಳು, ಕರ್ಚೀಫನ್ನು ನೋಡಿದಳು. ಬೈಗುಳಕ್ಕೆ ತಲೆ ತಗ್ಗಿಸಿ ಕೂತೆ. ಬಾಗಿಲು ಹಾಕಿಕೊಂಡರೂ ಸರಿ, ಎರಡು ಏಟು ಹಾಕಿದರೂ ಸರಿ.

"ನೀನೇನಾ ಅದು?"

"ನಾನೇ ಅಕ್ಕ."

"ಹಂಗಾರೆ ಯಜಮಾನ್ರು?"

"ಇಲ್ಲ. ಅಂಥವರು ಯಾರೂ ಇಲ್ಲ."

ಸ್ವಲ್ಪ ಹೊತ್ತು ಕಾಯಿ ಸುಲಿದಳು. ಆಮೇಲೆ ಕೇಳಿದಳು, "ಮಗೂನೂ ಇಲ್ವಾ ಹಂಗಾರೆ?"

ಇಲ್ಲ ಅಂತ ತಲೆಯಾಡಿಸಿದೆ.

"ಐದು ದಿನದಿಂದ ಅದು ಕುದ್ರೆ ಮ್ಯಾಲೆ ಕುಂತೈತೆ ಅಂತ ಅನ್ಕಂಡಿದ್ನಲ್ಲಪ್ಪ ನಾನು" ಅಂದಳು. ಅಷ್ಟೇ. ಸಿಟ್ಟಿಲ್ಲ. ಎದ್ದು ಕುದುರೆಯನ್ನು ಒಳಗೆ ಎಳೆದುಕೊಂಡು, ವಾಲದಂತೆ ಎಡಗಡೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ನನಗೊಂದು ಲೋಟ ಟೀ ಕೊಟ್ಟಳು. ನಾವಿಬ್ಬರೂ ಕುದುರೆಯ ಖಾಲಿ ಬೆನ್ನು ನೋಡುತ್ತಾ ಕುಡಿದೆವು.

ಯಜಮಾನನನ್ನು ಹುಟ್ಟಿಸಿದವನು ನಾನು, ಮುಗಿಸಿದವನೂ ನಾನೇ. ಆದರೆ ಆ ಮಗುವನ್ನು ಹುಟ್ಟಿಸಿ ಐದು ದಿನ ಸಾಕಿದವಳು ಆಕೆ, ಅದನ್ನು ಮುಗಿಸಲು ನಾನು ಯಾರು?